ಕ್ರೂಗರ್‌ನಲ್ಲಿ ಒಬ್ಳೇ, ನಾನೇ ಡ್ರೈವರ್: ಮೊದಲನೇ ದಿನ ಕಂಡಿದ್ದು (ಏನಾದ್ರೂ ಕೇಳೋದಿದ್ರೆ ಕೇಳಿ)

ಅಲೆಮಾರಿ_ಅಕ್ಕ:
ಆಫ್ರಿಕಾಗೆ ಒಬ್ಳೇ ಹೋಗ್ತೀನಿ ಅಂದಾಗ ಇಲ್ಲಿ ಅರ್ಧ ಜನ ಬೇಡ ಅಂದ್ರಿ, ಇನ್ನರ್ಧ ಜನ ಹೋಗಿ ಬಂದ್ಮೇಲೆ ಬರೀರಿ ಅಂದ್ರಿ. ಹೋಗಿ ಬಂದೆ, ಬರೀತಿದೀನಿ. ಪೂರ್ತಿ ಟ್ರಿಪ್ ಬರೆದ್ರೆ ಯಾರೂ ಓದಲ್ಲ, ಅದಕ್ಕೆ ಮೊದಲನೇ ದಿನದ್ದು ಮಾತ್ರ. ಜಾಗ ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್, ಜೂನ್ ತಿಂಗಳು, ಅಲ್ಲಿ ಅದು ಚಳಿಗಾಲ. ಗೈಡ್ ಇಲ್ಲ, ಡ್ರೈವರ್ ಇಲ್ಲ, ಬಾಡಿಗೆಗೆ ತಗೊಂಡ ಒಂದು ಸಣ್ಣ ಕಾರು ಅಷ್ಟೇ. ಜೀಪೇ ಬೇಕು ಅಂತೇನಿಲ್ಲ, ಮುಖ್ಯ ರಸ್ತೆಗಳೆಲ್ಲ ಡಾಂಬರು. ಪಾರ್ಕು ಸುಮಾರು 19,500 ಚದರ ಕಿಲೋಮೀಟರು, ನಮ್ಮ ಬಂಡೀಪುರ ನಾಗರಹೊಳೆ ಎರಡೂ ಸೇರಿಸಿದ್ರೂ ಅದರ ಒಂದು ಮೂಲೆಗೆ ಸಾಲಲ್ಲ.

ಜೋಹಾನ್ಸ್‌ಬರ್ಗ್‌ನಿಂದ ಎಂಬೊಂಬೆಲಾಗೆ ಚಿಕ್ಕ ಫ್ಲೈಟು, ಏರ್‌ಪೋರ್ಟಲ್ಲೇ ಕಾರು, ರಾತ್ರಿ ಹೇಜಿವ್ಯೂ ಅನ್ನೋ ಊರಲ್ಲಿ ಉಳ್ಕೊಂಡೆ. ಡ್ರೈವಿಂಗ್ ನಮ್ಮ ಥರಾನೇ, ರಸ್ತೆಯ ಎಡಗಡೆ. ಬೆಳಿಗ್ಗೆ ಆರಕ್ಕೆ ಪಾಲ್ ಕ್ರೂಗರ್ ಗೇಟು ತೆಗೀತಾರೆ, ಆರಕ್ಕೆ ಮುಂಚೆ ಹೋದ್ರೂ ಆಗ್ಲೇ ಕ್ಯೂ ಇತ್ತು. ಪಾಸ್‌ಪೋರ್ಟು ಬುಕಿಂಗು ತೋರ್ಸಿ, ದಿನದ ಶುಲ್ಕ ಕಟ್ಟಿದ್ಮೇಲೆ (ವಿದೇಶಿಯರಿಗೆ 500 ರ್ಯಾಂಡ್ ಮೇಲೇನೇ, ಅಗ್ಗ ಅಂತೂ ಅಲ್ಲ) ಒಂದು ಪರ್ಮಿಟ್ ಕಾಗದ ಕೊಡ್ತಾರೆ, ಅದನ್ನ ಜೋಪಾನ ಮಾಡಿ.

ಒಳಗೆ ಹೋದ ತಕ್ಷಣ ತಲೆಗೆ ಬಂದಿದ್ದು ಒಂದೇ, ಹೇಳೋರು ಯಾರೂ ಇಲ್ಲ. ನಮ್ಮ ಕಡೆ ಸಫಾರಿ ಅಂದ್ರೆ ಡ್ರೈವರಣ್ಣ "ಲೆಫ್ಟಲ್ಲಿ ನೋಡಿ ಮೇಡಂ" ಅಂತಾರೆ, ನಾವು ಲೆಫ್ಟಲ್ಲಿ ನೋಡ್ತೀವಿ. ಇಲ್ಲಿ ಎರಡೂ ಕಡೆ ಹುಲ್ಲು, ಪೊದೆ, ಒಣಗಿದ ಮರ, ಎಲ್ಲಿ ನೋಡ್ಬೇಕು ಅನ್ನೋದೇ ಗೊತ್ತಾಗಲ್ಲ. ಸ್ಪೀಡ್ ಲಿಮಿಟ್ಟು ಡಾಂಬರಲ್ಲಿ 50, ಮಣ್ಣು ರಸ್ತೇಲಿ 40. ಆದ್ರೆ 50ರಲ್ಲಿ ಹೋದ್ರೆ ಏನೂ ಕಾಣಲ್ಲ. 20ಕ್ಕೆ ಇಳಿಸಿದ್ಮೇಲೆ ಕಾಡು ಕಾಣೋಕೆ ಶುರುವಾಯ್ತು.

ಮೊದಲು ಸಿಕ್ಕಿದ್ದು ಇಂಪಾಲಾ, ನಮ್ಮ ಜಿಂಕೆ ಥರದ್ದು. ಕ್ರೂಗರ್‌ಗೆ ಹೋದೋರೆಲ್ಲ ಇಂಪಾಲಾ ಕಂಡ್ರೆ ಕಾರೇ ನಿಲ್ಲಿಸಲ್ಲ, ಅಷ್ಟಿವೆ. ನಾನು ನಿಲ್ಲಿಸ್ದೆ, ನನಗೇನು ಅವಸರ. ಇಪ್ಪತ್ತು ಮೂವತ್ತು ಇದ್ವು, ಮೇಯ್ತಾ ಇದ್ದವು ಒಂದೊಂದೇ ತಲೆ ಎತ್ತಿ ಎಲ್ಲವೂ ಒಂದೇ ದಿಕ್ಕಿಗೆ ತಿರುಗಿ ನಿಂತ್ವು, ಬಾಯಲ್ಲಿದ್ದ ಹುಲ್ಲೂ ಅಗಿಯಲ್ಲ. ನಾನೂ ಅದೇ ಕಡೆ ನೋಡ್ದೆ, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಹುಲ್ಲಿನ ಮಧ್ಯೆ ಕತ್ತೆಕಿರುಬ. ಮುಂದೆ ಎತ್ತರ ಹಿಂದೆ ಇಳಿಜಾರು ಇರೋ ಬೆನ್ನು, ಸುಮ್ಮನೆ ಆಫೀಸಿಂದ ಮನೆಗೆ ಹೋಗೋರ ಥರ ಹೆಜ್ಜೆ ಹಾಕ್ತಾ ರಸ್ತೆಗೆ ಬಂತು, ನನ್ನ ಕಾರಿನ ಪಕ್ಕದಲ್ಲೇ ಹಾದು ಮುಂದೆ ಹೋಯ್ತು. ಅದು ಹೋದ ಕಡೆಗೇ ನಿಧಾನಕ್ಕೆ ಹೋದ್ರೆ ರಸ್ತೆ ಕೆಳಗಿನ ಮೋರಿ ಪೈಪಿನ ಬಾಯಲ್ಲಿ ಎರಡು ಮರಿ! ಕಪ್ಪಗೆ, ದುಂಡಗೆ. ಕ್ರೂಗರ್‌ನಲ್ಲಿ ಕತ್ತೆಕಿರುಬಗಳು ರಸ್ತೆ ಕೆಳಗಿನ ಮೋರಿಗಳನ್ನೇ ಗೂಡು ಮಾಡ್ಕೊಂಡಿರುತ್ತಂತೆ, ಅಲ್ಲಿ ಓಡಾಡೋರಿಗೆ ಇದು ಮಾಮೂಲು. ಒಂದು ಮರಿ ಹತ್ರ ಬಂದು ನನ್ನ ಟೈರು ಮೂಸಿ ನೋಡ್ತು, ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಅಲ್ಲಿಂದ ಸ್ಕುಕುಜಾ ಅನ್ನೋ ಕ್ಯಾಂಪ್ (ಪಾರ್ಕ್ ಒಳಗೇ ಉಳ್ಕೊಳ್ಳೋ ಜಾಗ) ಹತ್ರ ಲೇಕ್ ಪ್ಯಾನಿಕ್ ಅಂತ ಒಂದು ಕೆರೆ, ದಡದಲ್ಲಿ ಅವಿತು ಕೂತು ಪ್ರಾಣಿ ಪಕ್ಷಿ ನೋಡೋಕೆ ಮರದ ಹಲಗೆಯ ಗುಡಿಸಲು ಇದೆ, ಒಳಗೆ ಬೆಂಚು ಹಾಕಿದಾರೆ. ಕಾರಿಂದ ಇಳೀಬಹುದಾದ ಕೆಲವೇ ಜಾಗಗಳಲ್ಲಿ ಇದೂ ಒಂದು. ಬೆಂಚಲ್ಲಿ ಆ ದೇಶದ್ದೇ ಒಬ್ರು ಅಜ್ಜ ಅಜ್ಜಿ ಫ್ಲಾಸ್ಕು, ಹಕ್ಕಿ ಪುಸ್ತಕ ಇಟ್ಕೊಂಡು ಕೂತಿದ್ರು, ಬಾ ಅಂತ ಜಾಗ ಬಿಟ್ರು. ಕೆರೇಲಿ ಎಲೆ ಮೇಲೆ ನಡೆಯೋ ಜಕಾನಾ ಹಕ್ಕಿ, ದಡದಲ್ಲಿ ಮೊಸಳೆ, ನೀರಲ್ಲಿ ನೀರಾನೆ, ಕಿವಿ ಕಣ್ಣು ಮೂಗಿನ ಹೊಳ್ಳೆ ಮಾತ್ರ ಮೇಲೆ. ನೀರಾನೆ ಕೂಗು ಇಷ್ಟು ಜೋರು ಅಂತ ನನಗೆ ಗೊತ್ತೇ ಇರ್ಲಿಲ್ಲ, ಯಾರೋ ದಪ್ಪ ಗಂಟಲಲ್ಲಿ ಹ್ಹ ಹ್ಹ ಹ್ಹ ಅಂತ ನಕ್ಕ ಹಾಗೆ, ಎದೆ ಮೂಳೆಗೆ ತಗಲುತ್ತೆ.

ಮಧ್ಯಾಹ್ನ ಸಾಬಿ ನದಿ ಪಕ್ಕದ ರಸ್ತೆ. ಸ್ಕುಕುಜಾದಿಂದ ಲೋವರ್ ಸಾಬಿ ಕ್ಯಾಂಪಿಗೆ 45 ಕಿಲೋಮೀಟರು ಇರ್ಬಹುದು, ನನಗೆ ನಾಲ್ಕು ಗಂಟೆ ಮೇಲೆ ಹಿಡೀತು. ಒಂದು ತಿರುವಲ್ಲಿ ಆನೆ ಹಿಂಡು ರಸ್ತೆ ದಾಟ್ತಿತ್ತು. ದೂರದಲ್ಲೇ ನಿಲ್ಲಿಸಿ ಎಂಜಿನ್ ಆನ್ ಇಟ್ಟು ಕೂತೆ, ರಿವರ್ಸ್ ಹಾಕೋಕೆ ಹಿಂದೆ ಜಾಗ ಇದೆಯಾ ಅಂತ ಮೊದಲು ನೋಡ್ಕೊಂಡೆ. ಸಣ್ಣ ಮರಿಗಳು ದೊಡ್ಡವುಗಳ ಕಾಲ ಮಧ್ಯೆ. ಅಷ್ಟರಲ್ಲಿ ನನ್ನ ಹಿಂದಿಂದ ಒಂದು ಪಿಕಪ್ ಬಂದು ನನ್ನನ್ನ ದಾಟ್ಕೊಂಡು ಹಿಂಡಿನ ಹತ್ರಕ್ಕೇ ಹೋಯ್ತು. ದೊಡ್ಡ ಹೆಣ್ಣು ತಿರುಗಿ ನಿಂತು ಕಿವಿ ಅಗಲಿಸಿ ತಲೆ ಒದರಿತು ನೋಡಿ, ಕಿವಿ ಬಡಿದ ಶಬ್ದ ಕಿಟಕಿ ಮುಚ್ಚಿದ್ರೂ ಕೇಳಿಸ್ತು, ಧೂಳು ಮೋಡದ ಹಾಗೆ ಎದ್ದಿತು. ಪಿಕಪ್ಪಿನೋನು ಹಾವು ತುಳಿದೋನ ಥರ ಹಿಂದಕ್ಕೆ ಬಂದ. ನಾನೂ ಹಿಂದಕ್ಕೆ. ಅವು ಇನ್ನೂ ಹತ್ತು ನಿಮಿಷ ತಗೊಂಡು ದಾಟಿ ನದಿಗೆ ಇಳಿದ್ವು.

ಸಂಜೆ ಲೋವರ್ ಸಾಬಿ ಹತ್ರ ಸನ್‌ಸೆಟ್ ಡ್ಯಾಮ್. ನೀರಾನೆ ಬೆನ್ನ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯ್ತಿರ್ತವೆ, ಬಾಡಿಗೆ ಕೊಡದ ಪ್ಯಾಸೆಂಜರುಗಳು. ಜೂನಲ್ಲಿ ಐದೂವರೆಗೆ ಕ್ಯಾಂಪ್ ಗೇಟು ಮುಚ್ತಾರೆ, ತಡ ಆದ್ರೆ ದಂಡ. ಐದಕ್ಕೇ ಒಳಗೆ ಸೇರ್ಕೊಂಡೆ. ಕೇಳಿ ಏನಾದ್ರೂ.

ಐನೂರು_ಎಂಎಂ:
ಸೂಪರ್ ಅಕ್ಕ. ಆದ್ರೆ ಮೇನ್ ಪಾಯಿಂಟೇ ಬಿಟ್ರಿ, ಸಿಂಹ? ಬಿಗ್ ಫೈವ್‌ನಲ್ಲಿ ಎಷ್ಟಾಯ್ತು ಫಸ್ಟ್ ಡೇ?

ಅಲೆಮಾರಿ_ಅಕ್ಕ:
ಸಿಂಹದ ಕಿವಿ ನೋಡ್ದೆ, ಅದೂ ಒಂದು. ಸಾಬಿ ರಸ್ತೇಲಿ ಸಡನ್ನಾಗಿ ಹದಿನೈದು ಕಾರು ಅಡ್ಡಾದಿಡ್ಡಿ ನಿಂತಿದ್ವು, ಅಲ್ಲಿ ಹಾಗೆ ಕಂಡ್ರೆ ಸಿಂಹ ಇಲ್ಲ ಚಿರತೆ ಅಂತ ಅರ್ಥ. ಅರ್ಧ ಗಂಟೆ ಕಾದ್ಮೇಲೆ ಪೊದೆ ಹಿಂದೆ ಒಂದು ಕಿವಿ ಅಲ್ಲಾಡ್ತು, ಹೊರಟೆ. ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಅನ್ನೋದು ಕಾಲ್ನಡಿಗೇಲಿ ಬೇಟೆ ಆಡೋಕೆ ಯಾವುದು ಕಷ್ಟ, ಅಪಾಯ ಅಂತ ಹಳೇ ಶಿಕಾರಿಗಳು ಮಾಡಿದ ಲಿಸ್ಟು, ಅದಕ್ಕೇ ಅದರಲ್ಲಿ ಕಾಡೆಮ್ಮೆ ಇದೆ, ಜಿರಾಫೆ ಇಲ್ಲ. ಬಂದೂಕು ಇಲ್ಲದ ನಾನು ಆ ಲಿಸ್ಟು ಯಾಕೆ ಹಿಡ್ಕೊಂಡು ಓಡಾಡ್ಲಿ? ಕಿವಿ ನೋಡೋಕೆ ಆ ಕಾರುಗಳೆಲ್ಲ ನಿಂತಿದ್ದಾಗ ಇನ್ನೂರು ಮೀಟರ್ ಆಚೆ ನೆಲದ ಮಂಗಟ್ಟೆಗಳು, ಕೋಳಿಗಿಂತ ಎಷ್ಟೋ ದೊಡ್ಡದು, ಕೆಂಪು ಗಲ್ಲ, ರಸ್ತೆ ಪಕ್ಕ ಸಾಲಾಗಿ ನಡ್ಕೊಂಡು ಹೋಗ್ತಿದ್ವು. ಒಂದು ಕಾರೂ ನಿಲ್ಲಿಸ್ಲಿಲ್ಲ.

ಐನೂರು_ಎಂಎಂ:
ಹಾಗಲ್ಲ ಅಕ್ಕ, ಲಕ್ಷಗಟ್ಲೆ ಖರ್ಚು ಮಾಡಿ ಹೋಗಿ ಸಿಂಹ ನೋಡದೇ ಬಂದ್ರೆ ಮನೇಲಿ ಏನ್ ಹೇಳೋದು 😀 ನಾನಾದ್ರೆ ಗೈಡ್ ತಗೊಂಡು ಹೋಗ್ತಿದ್ದೆ, ಅವರ ಹತ್ರ ರೇಡಿಯೋ ಇರುತ್ತೆ.

ಕಾಫಿತೋಟ_ಸಕಲೇಶಪುರ:
ಆನೆ ಭಾಗ ಸರಿಯಾಗಿ ಬರ್ದಿದೀರ, ಅದಕ್ಕೆ ಕಾಮೆಂಟ್ ಹಾಕ್ತಿದೀನಿ. ನಮ್ಮ ತೋಟದಲ್ಲಿ ಆನೆ ಅಂದ್ರೆ ಯಾರಿಗೂ ಕ್ಯೂಟ್ ಅನ್ಸಲ್ಲ. ಬೆಳಿಗ್ಗೆ ಎದ್ದು ಇಲಾಖೆ ಮೆಸೇಜ್ ನೋಡಿ, ಇವತ್ತು ಯಾವ ಎಸ್ಟೇಟಲ್ಲಿ ಹಿಂಡು ಇದೆ ಅಂತ ಗೊತ್ತಾದ್ಮೇಲೇ ಆಳುಗಳು ಕೆಲ್ಸಕ್ಕೆ ಹೋಗೋದು. ಪೇಟೆಯೋರು ಬಂದು ರಸ್ತೇಲಿ ಕಾರು ನಿಲ್ಲಿಸಿ ಹಾರ್ನ್ ಹೊಡ್ದು ವಿಡಿಯೋ ಮಾಡ್ತಾರಲ್ಲ, ಅವರಿಗೆ ನಿಮ್ಮ ಪಿಕಪ್ಪಿನೋನ ಕಥೆ ಓದಿಸ್ಬೇಕು. ಒಂದು ಡೌಟು, ಎಂಜಿನ್ ಯಾಕೆ ಆನ್? ನಮ್ಮಲ್ಲಿ ಆಫ್ ಮಾಡಿ ಸುಮ್ನೆ ಕೂರಿ ಅಂತಾರೆ.

ಜೋಬರ್ಗ್_ಕನ್ನಡಿಗ:
ಇದಕ್ಕೆ ನಾನು ಹೇಳ್ತೀನಿ, ಇಲ್ಲೇ ಜೋಹಾನ್ಸ್‌ಬರ್ಗ್‌ನಲ್ಲಿ ಇರೋದು, ಫ್ಯಾಮಿಲಿ ಜೊತೆ ಕ್ರೂಗರ್‌ಗೆ ಹೋಗ್ತಾ ಇರ್ತೀವಿ. ದೂರದಲ್ಲಿ ಆನೆ ಆರಾಮಾಗಿ ಮೇಯ್ತಿದ್ರೆ ಆಫ್ ಮಾಡಿ ಕೂರಬಹುದು. ಆದ್ರೆ ಅದು ನಿಮ್ಮ ಕಡೆ ನಡ್ಕೊಂಡು ಬರೋ ಸಾಧ್ಯತೆ ಇದ್ದಾಗ ಆಫ್ ಮಾಡಿ ಕೂತ್ರೆ, ಮತ್ತೆ ಸ್ಟಾರ್ಟ್ ಮಾಡೋ ಶಬ್ದಕ್ಕೇ ಗಾಬರಿ ಆಗುತ್ತೆ. ಅದಕ್ಕೆ ಆನ್ ಇರ್ಲಿ, ಹಿಂದೆ ಜಾಗ ಇರ್ಲಿ, ನಿಧಾನಕ್ಕೆ ಹಿಂದಕ್ಕೆ ಹೋಗಿ. ಹಾರ್ನ್ ಅಂತೂ ಬೇಡವೇ ಬೇಡ.

ಒಂಟಿ ಗಂಡಾನೆ ಆದ್ರೆ ಮದ ಬಂದಿದೆಯಾ ನೋಡಿ. ಕಣ್ಣಿಗೂ ಕಿವಿಗೂ ಮಧ್ಯೆ ಎಣ್ಣೆ ಥರ ಇಳಿದಿರುತ್ತೆ, ಹಿಂಗಾಲು ಮೂತ್ರದಲ್ಲಿ ಒದ್ದೆ ಆಗಿರುತ್ತೆ, ವಾಸನೆ ಮೊದಲೇ ಬರುತ್ತೆ. ಆಗ ರಸ್ತೆ ಅದರದ್ದು, ಯೂ ಟರ್ನ್ ಹೊಡೀರಿ. ಕಿವಿ ಅಗಲಿಸಿ ತಲೆ ಒದರಿದ್ರೆ ಸಾಮಾನ್ಯವಾಗಿ ಹೆದರಿಸೋದು, ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಒಳಗೆ ಸುತ್ಕೊಂಡು ಬಂದ್ರೆ ಅದು ನಿಜವಾಗ್ಲೂ ಬರ್ತಿದೆ. ಆದ್ರೆ ಇದನ್ನ ನಂಬ್ಕೊಂಡು ಕೂತು ಪರೀಕ್ಷೆ ಮಾಡ್ಬೇಡಿ. 2013ರ ಡಿಸೆಂಬರ್ ಕೊನೇಲಿ ಇದೇ ಪಾರ್ಕಲ್ಲಿ ಒಂದು ಗಂಡಾನೆ ಟೂರಿಸ್ಟ್ ಕಾರನ್ನ ಪಲ್ಟಿ ಹೊಡ್ಸಿ ಒಳಗಿದ್ದೋರಿಗೆ ಗಾಯ ಆಗಿತ್ತು, ವಿಡಿಯೋ ಎಲ್ಲಾ ಕಡೆ ಓಡಾಡ್ತು.

ಕೋಟೆ_ಹೈದ:
ಅಕ್ಕ, ದಂತ ಇತ್ತಾ ಆ ದೊಡ್ಡದಕ್ಕೆ? ಹೆಣ್ಣು ಅಂತ ಹೆಂಗ್ ಗೊತ್ತಾಯ್ತು? ನಮ್ ಕಬಿನಿ ಕಡೆ ಉದ್ದ ದಂತ ಅಂದ್ರೆ ಸಲಗ, ಮುಗೀತು.

ಅಲೆಮಾರಿ_ಅಕ್ಕ:
ಇತ್ತು! ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಬರುತ್ತೆ, ಅದಕ್ಕೇ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ. ಬೆಳಿಗ್ಗೆ ಕೆರೆ ಹತ್ರ ಸಿಕ್ಕ ಆ ಅಜ್ಜಿ ಹೇಳ್ಕೊಟ್ಟಿದ್ರು, ಪಕ್ಕದಿಂದ ಹಣೆ ನೋಡು, ಹೆಣ್ಣಿಗೆ ಮೂಲೆ ಬಿದ್ದ ಹಾಗೆ ಇರುತ್ತೆ, ಗಂಡಿಗೆ ದುಂಡಗೆ ಅಂತ. ದಂತಾನೂ ಹೆಣ್ಣಿಗೆ ತೆಳು. ಕಿವಿ ಅಂತೂ ನಮ್ಮ ಆನೆ ಕಿವಿಗಿಂತ ತುಂಬಾ ದೊಡ್ಡದು, ಭುಜಾನೇ ಮುಚ್ಕೊಳ್ಳುತ್ತೆ.

ಪುಟ್ಟಿ_ಬೆಂಗ್ಳೂರು:
ಅಕ್ಕ ಯಾರೂ ಕೇಳದೇ ಇರೋದು ನಾನು ಕೇಳ್ತೀನಿ, ಟಾಯ್ಲೆಟ್? ಇಡೀ ದಿನ ಕಾರಿಂದ ಇಳಿಯೋ ಹಾಗಿಲ್ಲ ಅಂದ್ರೆ?? ಆಮೇಲೆ ಪಂಚರ್ ಆದ್ರೆ ಒಬ್ರೇ ಏನ್ ಮಾಡ್ತೀರ. ಯೆಲ್ಲೋ ಫೀವರ್ ಇಂಜೆಕ್ಷನ್ನು, ಮಲೇರಿಯಾ ಮಾತ್ರೆ ಇದೆಲ್ಲ ಬೇಕಾ? ಅಮ್ಮನ್ನ ಒಪ್ಪಿಸ್ಬೇಕು ಡೀಟೇಲ್ಸ್ ಕೊಡಿ ಪ್ಲೀಸ್

ಅಲೆಮಾರಿ_ಅಕ್ಕ:
ಪುಟ್ಟಿ, ಒಳ್ಳೇ ಪ್ರಶ್ನೆ, ನನಗೂ ಸಿಂಹಕ್ಕಿಂತ ಇದೇ ದೊಡ್ಡ ಯೋಚನೆ ಆಗಿತ್ತು. ಕ್ಯಾಂಪುಗಳಲ್ಲಿ, ಪಿಕ್ನಿಕ್ ಜಾಗಗಳಲ್ಲಿ ಕ್ಲೀನಾದ ಟಾಯ್ಲೆಟ್ ಇದೆ. ನಾನು ಹೋದ ರಸ್ತೇಲಿ ನಡುಮಧ್ಯೆ ಎನ್‌ಕುಹ್ಲು ಅಂತ ಸಿಗುತ್ತೆ, ನದಿ ದಡದಲ್ಲಿ. ಮ್ಯಾಪಲ್ಲಿ ಮೊದಲೇ ಗುರುತು ಹಾಕ್ಕೊಂಡು ಆ ಪ್ರಕಾರ ನೀರು ಕುಡೀರಿ. ಅಲ್ಲಿ ಊಟ ಬಿಚ್ಚುವಾಗ ಮಾತ್ರ ಹುಷಾರು, ಕೋತಿಗಳು ನಮ್ಮ ಚಾಮುಂಡಿ ಬೆಟ್ಟದವಕ್ಕೇ ಪಾಠ ಹೇಳ್ಕೊಡ್ತವೆ, ಪಕ್ಕದ ಟೇಬಲ್ಲಿನೋರ ಬ್ರೆಡ್ ಪ್ಯಾಕೆಟ್ಟೇ ಹೋಯ್ತು.

ಪಂಚರ್ ಆದ್ರೆ ಇಳೀಬೇಡಿ. ಪರ್ಮಿಟ್ ಮೇಲೆ ಎಮರ್ಜೆನ್ಸಿ ನಂಬರ್ ಇರುತ್ತೆ, ನೆಟ್‌ವರ್ಕ್ ಎಲ್ಲಾ ಕಡೆ ಸಿಗಲ್ಲ, ಆದ್ರೆ ಮುಖ್ಯ ರಸ್ತೇಲಿ ಐದ್ಹತ್ತು ನಿಮಿಷಕ್ಕೆ ಯಾವುದಾದ್ರೂ ಕಾರು ಬಂದೇ ಬರುತ್ತೆ. ಅದಕ್ಕೆ ಮೊದಲ ದಿನ ಒಬ್ಬೊಬ್ರೇ ಇದ್ದಾಗ ಮಣ್ಣು ರಸ್ತೆಗೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ.

ಮಲೇರಿಯಾ ಇರೋ ಪ್ರದೇಶಾನೇ, ಮಳೆಗಾಲದಲ್ಲಿ ಜಾಸ್ತಿ, ಜೂನಲ್ಲಿ ಕಮ್ಮಿ. ಮಾತ್ರೆ ಬೇಕೋ ಬೇಡ್ವೋ ಡಾಕ್ಟರ್ ಹತ್ರ ಕೇಳಿ, ಇಲ್ಲಿ ನಮ್ಮ ಮಾತು ಕೇಳ್ಬೇಡಿ. ನಾನಂತೂ ತಗೊಂಡೆ. ಯೆಲ್ಲೋ ಫೀವರ್ ದಕ್ಷಿಣ ಆಫ್ರಿಕಾದಲ್ಲಿ ಇಲ್ಲ, ಆದ್ರೆ ಅದು ಇರೋ ದೇಶಗಳ ನೈರೋಬಿ, ಅಡಿಸ್ ಅಬಾಬಾ ಮೇಲೆ ಹೋಗೋ ಟಿಕೆಟ್ ಆದ್ರೆ ಇಂಜೆಕ್ಷನ್ ಕಾರ್ಡ್ ಮಾಡಿಸ್ಕೊಂಡ್ಬಿಡಿ, ಹೊರಡೋಕೆ ಹತ್ತು ದಿನ ಮುಂಚೆ ಆದ್ರೂ ಹಾಕಿಸ್ಕೋಬೇಕು. ಒಂದ್ಸಲ ಹಾಕಿಸ್ಕೊಂಡ್ರೆ ಜೀವನ ಪೂರ್ತಿ ನಡೆಯುತ್ತೆ.

ಜೋಬರ್ಗ್_ಕನ್ನಡಿಗ:
ಅಮ್ಮನಿಗೆ ಇದನ್ನೂ ಹೇಳು ಪುಟ್ಟಿ: ಪಾರ್ಕ್ ಒಳಗಿಗಿಂತ ಹೊರಗೇ ಎಚ್ಚರ ಜಾಸ್ತಿ ಬೇಕು. ಸಿಗ್ನಲ್ಲಲ್ಲಿ ನಿಂತಾಗ ಬ್ಯಾಗು ಫೋನು ಸೀಟ್ ಮೇಲೆ ಇಡ್ಬೇಡ, ಕತ್ತಲಾದ್ಮೇಲೆ ಹೈವೇ ಬೇಡ. ಜೋಬರ್ಗ್‌ನಿಂದ ಕಾರಲ್ಲೇ ಬರೋದಾದ್ರೆ ಎನ್4 ಹೈವೇಲಿ ಐದು ಗಂಟೆ ದಾರಿ, ಬೆಳಿಗ್ಗೆನೇ ಹೊರಡು. ಇಲ್ಲಾಂದ್ರೆ ಸ್ಕುಕುಜಾಗೇ ಫ್ಲೈಟ್ ಇದೆ, ಸೀದಾ ಪಾರ್ಕ್ ಒಳಗೇ ಇಳೀಬಹುದು, ದುಡ್ಡು ಜಾಸ್ತಿ.

ಧಾರವಾಡ_ಪೇಡೆ:
ಅಕ್ಕಾರ ಭಾಳ ಚಲೋ ಬರದೀರಿ. ನಾವು ಶುದ್ಧ ಸಸ್ಯಾಹಾರಿ, ಅಲ್ಲೆ ಎಲ್ಲಾರೂ ಬರೀ ಮಾಂಸ ಸುಟ್ಕೊಂಡು ತಿಂತಾರ ಅಂತ ಕೇಳೇವಿ. ಹೊಟ್ಟಿಗೆ ಏನ್ ಮಾಡಿದ್ರಿ? ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದ್ರ ನಡೀತದೇನು?

ಅಲೆಮಾರಿ_ಅಕ್ಕ:
ಸಂಜೆ ಕ್ಯಾಂಪಲ್ಲಿ ಎಲ್ಲರೂ ಕೆಂಡ ಹಾಕಿ ಮಾಂಸ ಸುಡೋದು ನಿಜ ಸಾರ್, ಹೊಗೆ ಇಡೀ ಕ್ಯಾಂಪ್ ತುಂಬುತ್ತೆ. ನಾನು ಅದೇ ಕೆಂಡದ ಮೇಲೆ ಮುಸುಕಿನ ಜೋಳ, ಆಲೂಗಡ್ಡೆ, ಬದನೆಕಾಯಿ ಸುಟ್ಕೊಂಡು ತಿಂದೆ, ಎಣ್ಣೆಗಾಯಿ ಅಲ್ಲದಿದ್ರೂ ಸುಟ್ಟ ಬದನೆಕಾಯಿ ಗೊಜ್ಜು ಆಯ್ತು. ಅಕ್ಕಿ ಬೇಳೆ ಮಸಾಲೆ ಎಲ್ಲ ಎಂಬೊಂಬೆಲಾ ಸೂಪರ್‌ಮಾರ್ಕೆಟ್ಟಲ್ಲೇ ಸಿಕ್ತು. 1860ರಿಂದ ಕಬ್ಬಿನ ತೋಟಗಳಿಗೆ ಭಾರತದಿಂದ ಜನ ಹೋಗಿದಾರಲ್ಲ, ಅವರ ಅಡುಗೆ ಈಗ ಆ ದೇಶದ ಅಡುಗೇನೇ. ಊರಿಂದ ತಿಂಡಿ ಒಯ್ದ್ರೆ ಕಸ್ಟಮ್ಸಲ್ಲಿ ಕೇಳಿದ್ರೆ ತೋರಿಸಿ, ಮುಚ್ಚಿಡ್ಬೇಡಿ.

ಕೋಟೆ_ಹೈದ:
ಒಂದು ಮಾತು ಕೇಳ್ತೀನಿ ಬೇಜಾರಾಗ್ಬೇಡಿ. ಅಲ್ಲಿ ಆ ಥರ ಸ್ವಂತ ಕಾರಲ್ಲಿ ಬಿಡ್ತಾರೆ ಅಂದ್ರೆ ನಮ್ಮ ಬಂಡೀಪುರ, ನಾಗರಹೊಳೇಲಿ ಯಾಕೆ ಬಿಡಬಾರ್ದು? ಸಫಾರಿ ಟಿಕೆಟ್ ಸಿಗೋದೇ ಇಲ್ಲ, ಸಿಕ್ಕಿದ್ರೂ ಬಸ್ಸಲ್ಲಿ ಕಿಟಕಿ ಸೀಟು ಸಿಗಲ್ಲ.

ಕಾಫಿತೋಟ_ಸಕಲೇಶಪುರ:
ದಯವಿಟ್ಟು ಬೇಡ ಮಾರಾಯ. ಬಂಡೀಪುರ ಹೈವೇಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬೇಡ ಅಂದಿದ್ದಕ್ಕೇ ಎಷ್ಟು ವರ್ಷದ ಜಗಳ. ಹಗಲು ಹೊತ್ತು ಅಲ್ಲೇ ಕಾರಿಂದ ಇಳಿದು ಆನೆ ಜೊತೆ ಸೆಲ್ಫಿ ತೆಗೆಯೋರು ಇದಾರೆ. ಅವರನ್ನ ಕಾಡೊಳಗೆ ಬಿಟ್ರೆ?

ಜೋಬರ್ಗ್_ಕನ್ನಡಿಗ:
ಇಲ್ಲೂ ಇಳಿಯೋರು ಇದಾರೆ ಸಾರ್, ದಂಡ ಬೀಳುತ್ತೆ. ಆದ್ರೆ ವ್ಯತ್ಯಾಸ ಏನಂದ್ರೆ ಇಲ್ಲಿ ಬಯಲು, ಹುಲ್ಲುಗಾವಲು, ದೂರದಿಂದ ಪ್ರಾಣಿ ಕಾಣುತ್ತೆ, ರಸ್ತೆ ಅಗಲ. ನಾಗರಹೊಳೆ ದಟ್ಟ ಕಾಡಲ್ಲಿ ಜೀಪ್ ಟ್ರ್ಯಾಕಲ್ಲಿ ತಿರುವಿನಾಚೆ ಆನೆ ಇದ್ರೆ ಗೊತ್ತಾಗೋದೇ ಇಲ್ಲ. ಅಲ್ಲಿನ ಪದ್ಧತಿ ಅಲ್ಲಿಗೆ ಸರಿ.

ಕೋಟೆ_ಹೈದ:
ಒಪ್ಪಿದೆ. ಆದ್ರೆ ಇನ್ನೊಂದು. ಅಷ್ಟು ದೊಡ್ಡ ಕಾಡಲ್ಲಿ ಜನ ಇರ್ಲಿಲ್ವಾ ಮೊದ್ಲು? ನಮ್ಮ ಕಡೆ ಜೇನುಕುರುಬರನ್ನ ನಾಗರಹೊಳೆಯಿಂದ ಹೊರಗೆ ಹಾಕಿದ ಕಥೆ ನಮ್ಮೂರ ಪಕ್ಕದ ಹಾಡೀಲಿ ಈಗ್ಲೂ ಹೇಳ್ತಾರೆ.

ಜೋಬರ್ಗ್_ಕನ್ನಡಿಗ:
ಇದ್ರು. 1898ರಲ್ಲಿ ಸಾಬಿ ಮೀಸಲು ಅಂತ ಶುರುವಾಗಿ 1926ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, ಜನರನ್ನ ಎಬ್ಬಿಸೋದು ನಡೀತಾನೇ ಬಂತು. ಉತ್ತರದ ತುದೀಲಿ ಪಫೂರಿ ಕಡೆ ಮಕುಲೆಕೆ ಜನರನ್ನ 1969ರಲ್ಲಿ ಒಕ್ಕಲೆಬ್ಬಿಸಿ ಆ ಜಾಗ ಪಾರ್ಕಿಗೆ ಸೇರಿಸಿದ್ರು, ವರ್ಣಭೇದದ ಸರ್ಕಾರದ ಕಾಲ. ಆಮೇಲೆ ಅವರು ಕೇಸು ಹಾಕಿ 1998ರಲ್ಲಿ ಭೂಮಿ ವಾಪಸ್ ಪಡೆದ್ರು. ಆದ್ರೆ ವಾಪಸ್ ಹೋಗಿ ಮನೆ ಕಟ್ಲಿಲ್ಲ, ಜಾಗ ಕಾಡಾಗೇ ಇದೆ, ಅಲ್ಲಿನ ಲಾಡ್ಜುಗಳ ಆದಾಯ ಅವರ ಸಮುದಾಯಕ್ಕೆ ಬರುತ್ತೆ. ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ, ಆದ್ರೆ ಭೂಮಿ ಹಕ್ಕು ಪತ್ರ ಅವರ ಹೆಸರಲ್ಲಿದೆ.

ಐನೂರು_ಎಂಎಂ:
ಘೇಂಡಾಮೃಗ ಸಿಕ್ತಾ ಅಕ್ಕ? ಎಲ್ಲಿ ಸಿಗುತ್ತೆ ಅಂತ ಎಕ್ಸಾಕ್ಟ್ ಲೊಕೇಶನ್ ಹಾಕಿ, ಮುಂದಿನ ವರ್ಷ ಹೋಗ್ತಿದೀನಿ.

ಅಲೆಮಾರಿ_ಅಕ್ಕ:
ಸಿಕ್ತು, ಎಲ್ಲಿ ಅಂತ ಹಾಕಲ್ಲ. ಕ್ಯಾಂಪ್‌ಗಳಲ್ಲಿ ಇವತ್ತು ಎಲ್ಲೆಲ್ಲಿ ಏನೇನು ಕಂಡಿತು ಅಂತ ಬಣ್ಣದ ಗುಂಡುಪಿನ್ನು ಚುಚ್ಚೋ ಬೋರ್ಡ್ ಇದೆ, ಅದರಲ್ಲೂ ಘೇಂಡಾಮೃಗಕ್ಕೆ ಪಿನ್ನಿಲ್ಲ. 2014ರಲ್ಲಿ ಒಂದೇ ವರ್ಷ ಆ ದೇಶದಲ್ಲಿ 1,215 ಘೇಂಡಾಮೃಗಗಳನ್ನ ಕೊಂಬಿಗೋಸ್ಕರ ಕೊಂದಿದಾರೆ, ಜಾಸ್ತಿ ಕ್ರೂಗರ್‌ನಲ್ಲೇ. ಫೋಟೋ ಹಾಕೋದಿದ್ರೂ ಫೋನಿನ ಲೊಕೇಶನ್ ಆಫ್ ಮಾಡಿ ಹಾಕಿ. ನಾನು ನೋಡಿದ್ದಕ್ಕೆ ಕೊಂಬು ಕೊಯ್ದಿದ್ರು, ಕಾಪಾಡೋಕೆ ಅಂತ ಇಲಾಖೆಯೋರೇ ಕೊಯ್ಯೋದು. ಮೊಂಡು ಮೂಗು ಇಟ್ಕೊಂಡು ಹುಲ್ಲು ಮೇಯ್ತಿತ್ತು, ನೋಡಿ ಸಂಕಟ ಆಯ್ತು, ಆದ್ರೆ ಬದುಕಿದೆ.

ಐನೂರು_ಎಂಎಂ:
ಸರಿ ಅಕ್ಕ, ಅರ್ಥ ಆಯ್ತು, ಕೇಳಿದ್ದು ವಾಪಸ್. ಹಕ್ಕಿಗಳ ಫೋಟೋ ಆದ್ರೂ ಹಾಕಿ.

ಅಲೆಮಾರಿ_ಅಕ್ಕ:
ಹಾಕ್ತೀನಿ. ನಮ್ಮ ರಾಜ್ಯಪಕ್ಷಿ ನೀಲಕಂಠದ ಅಲ್ಲಿನ ಸಂಬಂಧಿ ಇದೆ, ಎದೆ ತಿಳಿ ನೇರಳೆ, ಬಾಲದಲ್ಲಿ ಎರಡು ಉದ್ದ ಗರಿ, ರಸ್ತೆ ಪಕ್ಕದ ಒಣಕೊಂಬೆ ಮೇಲೆ ಮಾಡೆಲ್ ಥರ ಕೂತಿರುತ್ತೆ, ಮೊಬೈಲಲ್ಲೇ ಚೆನ್ನಾಗಿ ಬರುತ್ತೆ. ಐನೂರು ಎಂಎಂ ಲೆನ್ಸ್ ಇಲ್ಲದೋರೂ ಧೈರ್ಯವಾಗಿ ಹೋಗಿ 😄 ಗೈಡ್ ವಿಷಯ ಕೇಳಿದ್ರಲ್ಲ, ಕ್ಯಾಂಪಿಂದಲೇ ಪಾರ್ಕಿನೋರ ತೆರೆದ ಗಾಡೀಲಿ ಸಂಜೆ, ರಾತ್ರಿ ಸಫಾರಿ ಇದೆ, ರಿಸೆಪ್ಷನ್‌ನಲ್ಲಿ ಬುಕ್ ಮಾಡಿ. ಹಗಲು ನೀವೇ ಓಡಿಸಿ, ಒಂದು ರಾತ್ರಿ ಅವರ ಜೊತೆ ಹೋಗಿ.

ಪುಟ್ಟಿ_ಬೆಂಗ್ಳೂರು:
ಅಮ್ಮ ಥ್ರೆಡ್ ಪೂರ್ತಿ ಓದಿದ್ರು. ಕತ್ತೆಕಿರುಬ ಟೈರು ಮೂಸಿದ್ದು ಓದಿ ಬೇಡ ಅಂದ್ರು, ಟಾಯ್ಲೆಟ್ ಕ್ಲೀನ್ ಇದೆ ಅನ್ನೋದು ಓದಿ ನೋಡೋಣ ಅಂದ್ರು 😂 ಬುಕಿಂಗ್ ಯಾವಾಗ ಮಾಡ್ಬೇಕು? ಚಾರ್ಜರಿಗೆ ಅಡಾಪ್ಟರ್ ಬೇಕಾ?

ಜೋಬರ್ಗ್_ಕನ್ನಡಿಗ:
ಜೂನ್ ಕೊನೆ ಜುಲೈನಲ್ಲಿ ಇಲ್ಲಿ ಸ್ಕೂಲ್ ರಜ, ಆಗ ರೂಮ್ ಸಿಗೋದು ಕಷ್ಟ. ಲೋವರ್ ಸಾಬಿ ನದಿ ಕಡೆ ಮುಖ ಮಾಡಿರೋ ರೂಮುಗಳು ಮೊದಲೇ ಹೋಗ್ಬಿಡ್ತವೆ, ಡೇಟ್ ಫಿಕ್ಸ್ ಆದ ತಕ್ಷಣ ಪಾರ್ಕಿನ ಸೈಟಲ್ಲೇ ಬುಕ್ ಮಾಡು, ಏಜೆಂಟ್ ಬೇಡ. ಅಡಾಪ್ಟರ್ ಬೇರೆ ಏನೂ ಬೇಡ, ನಮ್ಮ ಗೀಸರ್, ಎಸಿಗೆ ಹಾಕೋ ದಪ್ಪ ಮೂರು ಪಿನ್ ಪ್ಲಗ್ ಇಲ್ಲಿ ಗೋಡೆಗೆ ಸರಿಯಾಗಿ ಕೂರುತ್ತೆ. ಅಂಥ ಪ್ಲಗ್ ಇರೋ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಗೊಂಡ್ ಬಾ, ಎಲ್ಲಾ ಚಾರ್ಜರೂ ಅದರಲ್ಲೇ ಹಾಕ್ಬಹುದು. ಆಮೇಲೆ ಸ್ವೆಟರು ಮರೀಬೇಡ, ಆಫ್ರಿಕಾ ಅಂದ್ರೆ ಬಿಸಿಲು ಅಂದ್ಕೊಂಡು ಬರೋರೆಲ್ಲ ಬೆಳಿಗ್ಗೆ ಆರಕ್ಕೆ ಗೇಟಲ್ಲಿ ನಡುಗ್ತಾ ನಿಂತಿರ್ತಾರೆ.